ಯುದ್ಧದ ಕಾಲದಲ್ಲಿ ಜಪಾನಿನ ಹಳ್ಳಿ ಹುಡುಗರ ಕಬುಕಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಬುಕಿ ಅಂದರೆ ಮಾತು, ಹಾಡು, ಕುಣಿತ ಸೇರಿದ ಜಪಾನಿನ ಹಳೆಯ ನಾಟಕ. ಅಲ್ಲಿಯ ಹಳ್ಳಿ ಕಬುಕಿಯ ಮಾತು ಎತ್ತಿದಾಗಲೆಲ್ಲ ಸುತ್ತಿ ಬಳಸಿ ಇವೇ ಪ್ರಶ್ನೆಗಳು ಬರುತ್ತವೆ. ಕೆಲವರು ಆಟದ ಹುಚ್ಚಿನಿಂದ ಕೇಳುತ್ತಾರೆ, ಕೆಲವರು ಮಹಾಯುದ್ಧದ ಕುತೂಹಲದಿಂದ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಪೂರ್ತಿ ಓದಲೇಬೇಕು ಅಂತೇನಿಲ್ಲ, ಬೇಕಾದ ಪ್ರಶ್ನೆಗೆ ನೇರ ಹೋಗಿ.

## ಮೊದಲು ತಿಳಿಯಬೇಕಾದ್ದು

ಕಬುಕಿ ಅಂದ್ರೆ ಟೋಕಿಯೋದ ದೊಡ್ಡ ಥಿಯೇಟರಿಂದು ಅಲ್ವಾ? ಹಳ್ಳೀಲೂ ಇತ್ತಾ?

ಇತ್ತು, ಈಗಲೂ ಇದೆ. ಊರಿನವರೇ ಆಡುವ ಈ ಆಟಕ್ಕೆ 'ಜಿ-ಶಿಬಾಯಿ' ಎನ್ನುತ್ತಾರೆ. 'ಜಿ' ಅಂದರೆ ನೆಲ, ಅಂದರೆ ಆ ಮಣ್ಣಿನ ಆಟ. ನಾಗಾನೋ ಪ್ರಾಂತ್ಯದ ಬೆಟ್ಟಗಳ ನಡುವಿನ ಓಶಿಕಾ ಎಂಬ ಹಳ್ಳಿಯಲ್ಲಿ 1767ರಲ್ಲೇ ಕಬುಕಿ ಆಡಿದ ದಾಖಲೆ ಇದೆ. ಫುಕುಶಿಮಾ ಕಡೆಯ ಹಿನೊಎಮಾತಾದಲ್ಲಿ ಹೇಳುವ ಕಥೆ ಚೆನ್ನಾಗಿದೆ: ಇಸೆ ಎಂಬ ದೊಡ್ಡ ದೇವಸ್ಥಾನಕ್ಕೆ ಯಾತ್ರೆ ಹೊರಟ ರೈತರು ದಾರಿಯಲ್ಲಿ ಎದೋ ಪಟ್ಟಣದಲ್ಲಿ (ಈಗಿನ ಟೋಕಿಯೋ) ಕಬುಕಿ ನೋಡಿ, ಕಂಡದ್ದನ್ನು ನೆನಪಿಟ್ಟುಕೊಂಡು ಬಂದು ಊರಲ್ಲಿ ಆಡಿದರಂತೆ. ಒಳನಾಡ ಸಮುದ್ರದ ಶೋದೊಶಿಮಾ ದ್ವೀಪದಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಆ ಪುಟ್ಟ ದ್ವೀಪದಲ್ಲಿ ಒಂದು ಕಾಲಕ್ಕೆ ಮೂವತ್ತಕ್ಕೂ ಜಾಸ್ತಿ ರಂಗಗಳಿದ್ದವು.

ಹಳ್ಳಿ ರಂಗ ಅಂದರೆ ನಾಲ್ಕು ಕಂಬ, ಮೇಲೊಂದು ಚಪ್ಪರ ಅಂದುಕೊಳ್ಳಬೇಡಿ. ಗುನ್ಮಾ ಪ್ರಾಂತ್ಯದ ಕಾಮಿಮಿಹರಾದಾ ಎಂಬಲ್ಲಿ 1819ರಲ್ಲಿ ಕಟ್ಟಿದ ಒಂದು ರಂಗವಿದೆ. ಹುಲ್ಲು ಹೊದಿಸಿದ ಸಾಧಾರಣ ಕಟ್ಟಡದ ಥರ ಕಾಣುತ್ತದೆ. ಆಟದ ದಿನ ಮೂರು ಕಡೆಯ ಗೋಡೆ ಹೊರಕ್ಕೆ ಮಗುಚಿ ರಂಗ ಅಗಲವಾಗುತ್ತದೆ, ನೆಲ ತಿರುಗುತ್ತದೆ, ಕೆಳಗಿನಿಂದ ಇನ್ನೊಂದು ವೇದಿಕೆ ಮೇಲೇಳುತ್ತದೆ. ಎಲ್ಲವನ್ನೂ ತಳ್ಳಿ ತಿರುಗಿಸುವುದು ಕೆಳಗೆ ಕತ್ತಲೆಯಲ್ಲಿ ನಿಂತ ಜನ.

ನಮ್ಮ ಯಕ್ಷಗಾನದ ಥರಾನೇನಾ?

ಅರ್ಥ ಮಾಡಿಕೊಳ್ಳಲು ಸುಲಭ ಆಗುವುದಾದರೆ ಹಾಗೇ ಅಂದುಕೊಳ್ಳಿ, ಆದರೆ ಎರಡೇ ವಿಷಯಕ್ಕೆ. ಒಂದು, ಇದು ಹರಕೆ ಆಟದ ಹಾಗೆ ದೇವರ ಮುಂದೆ ಆಡುವಂಥದ್ದು. ರಂಗ ಇರುವುದೇ ಗುಡಿಯ ಅಂಗಳದಲ್ಲಿ. ಎರಡು, ಬದಿಯಲ್ಲಿ ಕೂತು ಕಥೆ ಹಾಡುವ ಗಾಯಕ ಮತ್ತು ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯ ನುಡಿಸುವವರು ಇರುತ್ತಾರೆ, ಭಾಗವತರ ಜಾಗ ಅದು. ಹೋಲಿಕೆ ಅಲ್ಲಿಗೆ ಮುಗಿಯಿತು. ಇಲ್ಲಿ ಪಾತ್ರಧಾರಿ ಸ್ವಂತ ಮಾತು ಕಟ್ಟುವುದಿಲ್ಲ. ಅಕ್ಷರ ಅಕ್ಷರವೂ ಮೊದಲೇ ಬರೆದದ್ದು, ಬಾಯಿಪಾಠ.

ಆಡ್ತಿದ್ದವರು ಯಾರು? ಕಲಾವಿದರ ಮನೆತನದವರಾ?

ಅಲ್ಲ. ಹಗಲು ಗದ್ದೆ, ರೇಷ್ಮೆಹುಳು, ಇದ್ದಿಲು ಸುಡುವುದು. ರಾತ್ರಿ ಅಭ್ಯಾಸ. ಹಳೆಯ ಕಾಲದಿಂದ ಊರಿನ ಮದುವೆಯಾಗದ ಗಂಡುಹುಡುಗರ ಗುಂಪು ಅಂತ ಒಂದು ಇರುತ್ತಿತ್ತು. ಹಬ್ಬ ನಡೆಸುವುದು, ಬೆಂಕಿ ಬಿದ್ದರೆ ಆರಿಸುವುದು, ಆಟ ಆಡುವುದು ಎಲ್ಲ ಅವರ ಪಾಲಿಗೆ. ಇಪ್ಪತ್ತನೇ ಶತಮಾನಕ್ಕೆ ಬರುವಷ್ಟರಲ್ಲಿ ಅದೇ 'ಸೇನೆನ್‌ದಾನ್' ಎಂಬ ಯುವಕ ಸಂಘವಾಯಿತು. ಗುಂಪಿಗೆ ಸೇರಿದ ಹುಡುಗ ಮೊದಲು ಪರದೆ ಎಳೆಯುತ್ತಾನೆ, ರಂಗ ತಿರುಗಿಸುತ್ತಾನೆ, ಆಮೇಲೆ ಎರಡು ಮಾತಿನ ಸೇವಕನ ಪಾತ್ರ, ವರ್ಷಗಳಾದ ಮೇಲೆ ದೊಡ್ಡ ವೇಷ. ಕಲಿಸುವವರು ಊರಿನ ಹಿರಿಯರು, ಇಲ್ಲವೇ ಪಟ್ಟಣದ ಕಂಪನಿ ಬಿಟ್ಟು ಊರೂರು ತಿರುಗುತ್ತಿದ್ದ ಹಳೆಯ ನಟರು. ಹೆಣ್ಣು ವೇಷವೂ ಗಂಡುಹುಡುಗರದ್ದೇ. ಬೆಳಗ್ಗೆ ಸೌದೆ ಹೊತ್ತ ಹೆಗಲನ್ನು ಸಂಜೆ ಕಿಮೋನೋದೊಳಗೆ ಇಳಿಬಿಟ್ಟು ನಡೆಯುವುದು ಸುಮ್ನೆ ಬರುವ ವಿದ್ಯೆ ಅಲ್ಲ.

ಇದಕ್ಕೆಲ್ಲ ದುಡ್ಡು?

ಟಿಕೆಟ್ ಇಲ್ಲ. ಕಾಗದದಲ್ಲಿ ನಾಣ್ಯ ಸುತ್ತಿ ರಂಗಕ್ಕೆ ಎಸೆಯುತ್ತಾರೆ, 'ಓಹಿನೆರಿ' ಅಂತ ಹೆಸರು. ಮನೆಮನೆಯಿಂದ ಪಾಲು, ಉಳ್ಳವರಿಂದ ಸ್ವಲ್ಪ ಜಾಸ್ತಿ. ವೇಷಭೂಷಣ ಊರಿನದ್ದೇ ಇರುತ್ತಿತ್ತು, ಇಲ್ಲದ ಊರಿನವರು ಬಾಡಿಗೆಗೆ ತರುತ್ತಿದ್ದರು.

## ಯುದ್ಧ ಬಂದಾಗ

ಯುದ್ಧ ಶುರುವಾದ ಕೂಡಲೇ ಆಟ ನಿಲ್ಸಿದ್ರಾ?

ಯಾವ ಯುದ್ಧ, ಅದು ಮೊದಲ ಪ್ರಶ್ನೆ. ನಮಗೆ 1941ರ ಡಿಸೆಂಬರ್ ಮತ್ತು ಪರ್ಲ್ ಹಾರ್ಬರ್ ನೆನಪಾಗುತ್ತದೆ. ಜಪಾನಿನ ಹಳ್ಳಿಗೆ ಯುದ್ಧ ಬಂದದ್ದು 1937ರ ಜುಲೈನಲ್ಲಿ, ಚೀನಾದ ಮೇಲೆ. 1945ರ ಆಗಸ್ಟ್‌ವರೆಗೆ ಲೆಕ್ಕ ಹಾಕಿದರೆ ಎಂಟು ವರ್ಷ. ಹನ್ನೆರಡಕ್ಕೆ ಪರದೆ ಎಳೆಯಲು ಸೇರಿದ ಹುಡುಗ ಅಷ್ಟರಲ್ಲಿ ಇಪ್ಪತ್ತಕ್ಕೆ ಬಂದಿರುತ್ತಾನೆ. ಅಂದರೆ ಅವನು ಕಲಿತ ಕಾಲವೆಲ್ಲ ಯುದ್ಧದ ಕಾಲವೇ.

ನಿಂತದ್ದೂ ಒಂದೇ ದಿನ ಅಲ್ಲ. 1938ರಲ್ಲಿ ಇಡೀ ದೇಶವನ್ನು ಯುದ್ಧಕ್ಕೆ ಹೂಡುವ ಕಾನೂನು ಬಂತು. 1940ರಲ್ಲಿ ಐಷಾರಾಮಿ ವಸ್ತುಗಳಿಗೆ ನಿಷೇಧ, ಐಷಾರಾಮವೇ ಶತ್ರು ಎಂಬ ಘೋಷಣೆ. 1941ರಲ್ಲಿ ಊರೂರಿನ ಯುವಕ ಸಂಘಗಳನ್ನೆಲ್ಲ ಒಂದೇ ರಾಷ್ಟ್ರೀಯ ಸಂಘಟನೆಯೊಳಗೆ ಸೇರಿಸಿಬಿಟ್ಟರು. ನನ್ನ ಮಟ್ಟಿಗೆ ಹಳ್ಳಿ ಆಟಕ್ಕೆ ಬಿದ್ದ ನಿಜವಾದ ಪೆಟ್ಟು ಇದು. ನಾಟಕ ಮಾಡಬೇಡಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅಭ್ಯಾಸಕ್ಕೆ ಕೂಡುತ್ತಿದ್ದ ಅದೇ ಹುಡುಗರು, ಅದೇ ಸಂಜೆ ಹೊತ್ತಿನಲ್ಲಿ, ಕವಾಯತಿಗೆ ನಿಲ್ಲಬೇಕಾಯಿತು.

ಹುಡುಗರೆಲ್ಲ ಸೈನ್ಯಕ್ಕೆ ಹೋದ್ಮೇಲೆ ವೇಷ ಹಾಕಿದ್ಯಾರು?

ಇಪ್ಪತ್ತು ತುಂಬಿದವನು ಸೈನ್ಯದ ದೇಹ ಪರೀಕ್ಷೆಗೆ ಹೋಗಲೇಬೇಕಿತ್ತು. 1943ರ ಕೊನೆಗೆ ಆ ವಯಸ್ಸನ್ನು 19ಕ್ಕೆ ಇಳಿಸಿದರು. ಕರೆ ಬರುತ್ತಿದ್ದದ್ದು ಕೆಂಪು ಬಣ್ಣದ ಚೀಟಿಯಲ್ಲಿ. ಕಬುಕಿಯಲ್ಲಿ ದೊಡ್ಡ ವೇಷ ಸಿಗಬೇಕಾದ ವಯಸ್ಸಿಗೇ ಕೆಂಪು ಚೀಟಿ ಬರುತ್ತಿತ್ತು. ಗಟ್ಟಿಮುಟ್ಟಾದವನೇ ಯೋಧನ ವೇಷಕ್ಕೆ ಬೇಕು, ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗುವವನೂ ಅವನೇ.

ನಾಗಾನೋದ ದಕ್ಷಿಣ ಭಾಗದಲ್ಲಿ ಇನ್ನೊಂದು ಕಡೆಯಿಂದಲೂ ಹುಡುಗರು ಖಾಲಿಯಾದರು. ಜಪಾನಿನ ಹಿಡಿತದಲ್ಲಿದ್ದ ಈಶಾನ್ಯ ಚೀನಾಕ್ಕೆ, ಅಂದರೆ ಮಂಚೂರಿಯಾಕ್ಕೆ ವಲಸೆ. ಬೇರೆಲ್ಲ ಪ್ರಾಂತ್ಯಗಳಿಗಿಂತ ನಾಗಾನೋದಿಂದ ಜಾಸ್ತಿ ಜನ ಹೋದರು, ಸುಮಾರು 33,000. ಹದಿಹರೆಯದ ಹುಡುಗರಿಗೆಂದೇ 1938ರಲ್ಲಿ ಒಂದು ಸ್ವಯಂಸೇವಕ ದಳ ಕಟ್ಟಿ ದೇಶದೆಲ್ಲೆಡೆಯಿಂದ ಸುಮಾರು 86,000 ಹುಡುಗರನ್ನು ಕಳಿಸಿದರು. ರೇಷ್ಮೆಯ ಬೆಲೆ ಕುಸಿದು ಸಾಲದಲ್ಲಿದ್ದ ಮನೆಗಳ ಎರಡನೇ ಮಗ, ಮೂರನೇ ಮಗ. ಓಶಿಕಾ ಇರುವುದು ಇದೇ ಸೀಮೆಯಲ್ಲಿ, ಗೊಂಬೆಯಾಟಕ್ಕೆ ಹೆಸರಾದ ಇಮಾದಾ, ಕುರೋದಾ ಕೂಡ ಇದೇ ಸೀಮೆಯವು.

ಉಳಿದವರು ಯಾರು? ವಯಸ್ಸಾದವರು ಮತ್ತು ಇನ್ನೂ ವಯಸ್ಸಿಗೆ ಬಾರದವರು. ಆಟ ಉಳಿದ ಕಡೆ ಉಳಿದದ್ದು ಇವರಿಬ್ಬರ ನಡುವೆ. ಅಪ್ಪನಿಂದ ಮಗ ಕಲಿಯಬೇಕಾದ್ದು ಅಜ್ಜನಿಂದ ಮೊಮ್ಮಗನಿಗೆ ದಾಟಿತು.

ಬಟ್ಟೆ, ಬಣ್ಣಕ್ಕೆಲ್ಲ ಏನ್ ಮಾಡ್ತಿದ್ರು?

1942ರ ಫೆಬ್ರವರಿಯಿಂದ ಬಟ್ಟೆಗೆ ಪಡಿತರ. ಪಟ್ಟಣದವರಿಗೆ ವರ್ಷಕ್ಕೆ 100 ಪಾಯಿಂಟ್, ಹಳ್ಳಿಯವರಿಗೆ 80. ಅದರಲ್ಲೇ ಮೈಗೆ ಬೇಕಾದ್ದೆಲ್ಲ ಆಗಬೇಕು. ಹೊಸ ವೇಷ ಹೊಲಿಸುವ ಮಾತೇ ಇಲ್ಲ. ಅಜ್ಜಂದಿರ ಕಾಲದ ವೇಷ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ ಊರು ಗೆದ್ದಿತು, ಬಾಡಿಗೆ ನಂಬಿದ್ದ ಊರು ಸೋತಿತು. ಶೋದೊಶಿಮಾದ ಊರುಗಳಲ್ಲಿ ಸ್ವಂತ ವೇಷ ಇಟ್ಟುಕೊಳ್ಳುವ ರೂಢಿ ಹಳೆಯದು, ಅದರ ಬೆಲೆ ಇಂಥ ಕಾಲದಲ್ಲಿ ಗೊತ್ತಾಗುತ್ತದೆ. ಇನ್ನು ರಾತ್ರಿ ದೀಪ ಹೊರಗೆ ಕಾಣಬಾರದೆಂಬ ಕಟ್ಟಳೆ ಬಂದ ಮೇಲೆ ಬಯಲಾಟಕ್ಕೆ ಉಳಿದದ್ದು ಹಗಲು ಮಾತ್ರ. ಹಗಲಲ್ಲಿ ಗದ್ದೆ ಕೆಲಸ. ಅಲ್ಲಿಗೆ ಲೆಕ್ಕ ಸರಿಹೋಯಿತು.

ಪಟ್ಟಣದ ಕಬುಕಿಗೆ ಏನಾಯ್ತು?

1944ರ ಮಾರ್ಚ್‌ನಲ್ಲಿ ದೊಡ್ಡ ಥಿಯೇಟರುಗಳನ್ನು ಮುಚ್ಚಿಸಿದರು, ಟೋಕಿಯೋದ ಕಬುಕಿ-ಜಾ ಕೂಡ. 1945ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಅದು ಸುಟ್ಟುಹೋಯಿತು, ಮತ್ತೆ ಬಾಗಿಲು ತೆರೆದದ್ದು 1951ರಲ್ಲಿ. ಒಸಾಕಾದ ಗೊಂಬೆಯಾಟದ ಮನೆ ಬುನ್‌ರಾಕು-ಜಾ ಅದೇ 1945ರ ಮಾರ್ಚ್‌ನಲ್ಲಿ ಗೊಂಬೆಗಳ ಸಮೇತ ಬೂದಿಯಾಯಿತು. ಬೆಟ್ಟದ ಮೇಲಿನ ಹುಲ್ಲು ಚಾವಣಿಯ ರಂಗಗಳ ಮೇಲೆ ಬಾಂಬ್ ಹಾಕುವ ಅಗತ್ಯ ಯಾರಿಗೂ ಇರಲಿಲ್ಲ.

ಪಟ್ಟಣದ ನಟರೇ ಹಳ್ಳಿಗೆ ಬಂದು ಆಡಿದ್ರು ಅಂತಾರೆ, ಅದು ಇದೇನಾ?

ಅದು ಬೇರೆ. 1941ರಲ್ಲಿ ಸಂಚಾರಿ ನಾಟಕ ತಂಡಗಳ ಒಕ್ಕೂಟ ಮಾಡಿ ವೃತ್ತಿನಟರನ್ನು ಹಳ್ಳಿ, ಗಣಿ, ಕಾರ್ಖಾನೆಗಳಿಗೆ ಕಳಿಸಿದರು. ಸರ್ಕಾರಕ್ಕೆ ಬೇಕಾದ ಹುರುಪು ತುಂಬುವುದು ಅವರ ಕೆಲಸ. ಅದರಲ್ಲಿ 'ಸಾಕುರಾ-ತೈ' ಎಂಬ ತಂಡ, ನಟ ಮಾರುಯಾಮಾ ಸದಾವೋ ಮುಂದಾಳು, 1945ರ ಆಗಸ್ಟ್ 6ರಂದು ಹಿರೋಶಿಮಾದಲ್ಲಿತ್ತು. ಒಂಬತ್ತು ಜನ ಸತ್ತರು, ಕೆಲವರು ಅಂದೇ, ಉಳಿದವರು ಆ ತಿಂಗಳು ಮುಗಿಯುವುದರೊಳಗೆ. ಅವರದ್ದು ಹೊಸ ಬಗೆಯ ನಾಟಕ, ಕಬುಕಿ ಅಲ್ಲ. ಆದರೂ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಸೈನ್ಯಕ್ಕೆ ಹೋದವರು ಅಲ್ಲೂ ಆಡ್ತಿದ್ರಾ?

ಆಡುತ್ತಿದ್ದರು. ಇದರಲ್ಲಿ ನನಗೆ ತುಂಬಾ ಹತ್ತಿರವಾದ ಕಥೆ ನ್ಯೂ ಗಿನಿಯ ಮನೋಕ್ವಾರಿಯದ್ದು. ನಟ ಕಾತೋ ದೈಸುಕೆ ಗೊತ್ತಲ್ಲ, ಕುರೊಸಾವಾನ 'ಸೆವೆನ್ ಸಮುರಾಯ್' ಸಿನಿಮಾದಲ್ಲಿ ಮುಖಂಡನ ಹಳೆಯ ಜೊತೆಗಾರನಾಗಿ ಬರುವ ದುಂಡು ಮುಖದವರು. ಕಬುಕಿ ಆಡುತ್ತಿದ್ದ ಅವರು ಸೈನಿಕನಾಗಿ ಅಲ್ಲಿ ಸಿಕ್ಕಿಬಿದ್ದರು. ಊಟವಿಲ್ಲ, ಮಲೇರಿಯಾ, ಹಡಗು ಬರುವ ಆಸೆ ಇಲ್ಲ. ಕಾಡಿನಲ್ಲೇ ರಂಗ ಕಟ್ಟಿ, ಸೈನಿಕರಲ್ಲೇ ಬಡಗಿ, ದರ್ಜಿ, ಹಾಡುಗಾರರನ್ನು ಹುಡುಕಿ ತಂಡ ಮಾಡಿದರು. ಒಮ್ಮೆ ರಂಗದ ಮೇಲೆ ಕಾಗದ ಕತ್ತರಿಸಿ ಹಿಮ ಸುರಿಸಿದರು, ನೆಲಕ್ಕೆ ಪ್ಯಾರಾಚೂಟಿನ ಬಿಳಿ ಬಟ್ಟೆ ಹಾಸಿದರು. ಸಭೆಯಲ್ಲಿ ಕೂತಿದ್ದವರು ಉತ್ತರ ಜಪಾನಿನ ತೊಹೊಕು ಹಳ್ಳಿಗಳ ಸೈನಿಕರು, ಹಿಮದ ಊರಿನವರು. ಚಪ್ಪಾಳೆ ಬರಲಿಲ್ಲ. ನೋಡಿದರೆ ಎಲ್ಲರೂ ಸದ್ದಿಲ್ಲದೆ ಅಳುತ್ತಿದ್ದರು.

## ಸ್ವಲ್ಪ ತೊಡಕಿನ ಪ್ರಶ್ನೆಗಳು

ಒಡೆಯನಿಗಾಗಿ ಮಗನನ್ನೇ ಕೊಡೋ ಕಥೆಗಳು ಜಾಸ್ತಿ ಅಲ್ವಾ? ಹಾಗಾದ್ರೆ ಇದು ಯುದ್ಧದ ಪ್ರಚಾರವೇ ಆಯ್ತಲ್ಲ?

ಪ್ರಶ್ನೆ ನ್ಯಾಯವಾದದ್ದು. ಹಳ್ಳಿಗಳಲ್ಲಿ ಹೆಚ್ಚು ಆಡುವ ಎರಡು ಪ್ರಸಂಗಗಳನ್ನೇ ನೋಡಿ. 'ತೆರಕೊಯಾ', ಅಂದರೆ ನಮ್ಮ ಹಳೆಯ ಕೂಲಿಮಠದಂಥ ಶಾಲೆ. ಒಡೆಯನ ಮಗನ ತಲೆ ತರಬೇಕೆಂದು ವೈರಿಯ ಅಪ್ಪಣೆ. ಮೇಷ್ಟ್ರು ಅವನ ಬದಲು ಅಂದೇ ಶಾಲೆಗೆ ಸೇರಿದ ಹುಡುಗನ ತಲೆ ಕೊಡುತ್ತಾನೆ. ತಲೆಯ ಗುರುತು ಹಿಡಿಯಲು ಬಂದ ಮತ್ಸುಒಮಾರು ನೋಡಿ 'ಇವನೇ' ಎನ್ನುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಅದು ಅವನದೇ ಮಗ, ಸಾಯಲೆಂದೇ ಅವನೇ ಕಳಿಸಿದ್ದ. ಇನ್ನೊಂದು 'ಕುಮಾಗಾಯಿ ಜಿನ್‌ಯಾ'. ಯೋಧ ಕುಮಾಗಾಯಿ ವೈರಿ ಕುಲದ ರಾಜಕುಮಾರನನ್ನು ಉಳಿಸಲು ತನ್ನ ಹದಿನಾರರ ಮಗನನ್ನು ಕೊಲ್ಲುತ್ತಾನೆ.

ಮೇಲ್ನೋಟಕ್ಕೆ ಸೇನೆಯವರು ಬರೆಸಿದ ಹಾಗಿದೆ. ಸರ್ಕಾರಕ್ಕೆ ಇವು ಒಪ್ಪಿಗೆಯಾದದ್ದೂ ಅದಕ್ಕೇ. ಪ್ರೇಮಿಗಳು ಜೊತೆಗೆ ಸಾಯುವ ಕಥೆಗಳ ಮೇಲೆ ಕಣ್ಣು ಕೆಂಪಾಗಿದ್ದ ಕಾಲದಲ್ಲಿ ಸ್ವಾಮಿನಿಷ್ಠೆಯ ಕಥೆಗಳಿಗೆ ದಾರಿ ಸಲೀಸು.

ಆದರೆ ಈ ಆಟಗಳಲ್ಲಿ ಹೊತ್ತು ಹೋಗುವುದು ಎಲ್ಲಿ ಅಂತ ಗಮನಿಸಿ. ಕೊಲ್ಲುವುದು ಕ್ಷಣ, ಅದೂ ಪರದೆಯ ಹಿಂದೆ. ಉಳಿದದ್ದೆಲ್ಲ ಅಳು. ಮತ್ಸುಒಮಾರುವಿನ ಹೆಂಡತಿ ಚಿಯೋ, ಕುಮಾಗಾಯಿಯ ಹೆಂಡತಿ ಸಾಗಾಮಿ, ಇಬ್ಬರೂ ತಾಯಂದಿರು ರಂಗದ ನಡುವೆ ಕೂತು ದುಃಖ ಪಡುತ್ತಾರೆ, ಅವಸರವಿಲ್ಲದೆ, ಹಾಡಿನ ಜೊತೆ. ಕುಮಾಗಾಯಿ ಕೊನೆಗೆ ತಲೆ ಬೋಳಿಸಿ ಸನ್ಯಾಸಿಯಾಗುತ್ತಾನೆ. ಹದಿನಾರು ವರ್ಷ ಕನಸಿನ ಹಾಗೆ ಹೋಯಿತು ಎಂದು ಹೇಳಿ, ದೂರದಿಂದ ಯುದ್ಧದ ಸದ್ದು ಕೇಳಿದಾಗ ಕಿವಿ ಮುಚ್ಚಿಕೊಂಡು ಓಡುತ್ತಾನೆ. ಗೆದ್ದ ಸೇನಾಪತಿ ಯುದ್ಧ ಬಿಟ್ಟು ಹೋಗುವ ಕಥೆ ಇದು. 1943ರಲ್ಲಿ ಮಗ ಸತ್ತರೂ ತಾಯಿ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಅಳುವ ಹಾಗಿರಲಿಲ್ಲ. 'ದೇಶಕ್ಕೆ ಕೊಟ್ಟ ಮನೆ' ಎಂಬ ಗೌರವದ ಮುಖ ಹೊತ್ತು ನಿಲ್ಲಬೇಕು. ಅಂಥವಳಿಗೆ ಹಣೆಪಟ್ಟಿ ಇಲ್ಲದೆ ಅಳಲು ಜಾಗ ಕೊಡಬಲ್ಲದ್ದು ಇಂಥ ಆಟ. ಪ್ರಚಾರವೂ ಹೌದು, ಅಳುವ ಜಾಗವೂ ಹೌದು. ಎರಡರಲ್ಲಿ ಒಂದನ್ನು ಆರಿಸಿ ಅಂದರೆ ನಾನು ಎರಡನೆಯ ಕಡೆ ವಾಲುತ್ತೇನೆ, ಅಷ್ಟೇ.

ಅಂದ್ರೆ ಇವರೆಲ್ಲ ಸದ್ದಿಲ್ಲದೆ ಸರ್ಕಾರದ ವಿರುದ್ಧ ಇದ್ರು ಅಂತೀರಾ?

ಇಲ್ಲ, ಹಾಗೆ ಹೇಳಿದರೆ ಈಗಿನವರ ಆಸೆಯನ್ನು ಅವರ ತಲೆಗೆ ಕಟ್ಟಿದಂತೆ. ವೇಷ ಹಾಕಿದ ಹುಡುಗರೇ ಬಾವುಟ ಹಿಡಿದು ಗೆಳೆಯನನ್ನು ರೈಲಿಗೆ ಕಳಿಸಿಕೊಟ್ಟರು. ಆಟಕ್ಕೆ ಅವರ ಕಾರಣ ಬೇರೆಯೇ. ಅದು ದೇವರಿಗೆ ಸಲ್ಲಬೇಕಾದ ಬಾಕಿ. ಎದೋ ಕಾಲದಲ್ಲಿ (1603ರಿಂದ 1868ರವರೆಗೆ) ರೈತರು ನಾಟಕ ಆಡಬಾರದೆಂದು ಆಳುವವರು ಮತ್ತೆ ಮತ್ತೆ ಕಟ್ಟಳೆ ಹೊರಡಿಸಿದಾಗಲೂ ಹಳ್ಳಿಯವರು ಕೊಟ್ಟ ಉತ್ತರ ಅದೇ: ನಾಟಕ ಎಲ್ಲಿ ಆಡಿದೆವು ಸ್ವಾಮಿ, ದೇವರಿಗೆ ಸೇವೆ ಮಾಡಿದೆವು. ಬೆಳೆ ಚೆನ್ನಾಗಿ ಬರಲಿ ಎಂದು ಆಡುತ್ತಿದ್ದ ಆಟ ಹುಡುಗರು ಕ್ಷೇಮವಾಗಿರಲಿ ಎಂಬುದಕ್ಕೂ ಒಗ್ಗಿತು. ಓಶಿಕಾದವರು ಈಗಲೂ ಹೇಳುವುದು ಇದನ್ನೇ: ನಿಷೇಧದ ಕಾಲ, ಯುದ್ಧದ ಕಾಲ ಎಲ್ಲ ದಾಟಿ ಕೈಬಿಡದೆ ತಂದಿದ್ದೇವೆ.

ಕಬುಕಿ ಮಾತ್ರಾನಾ, 'ನೋ' ನಾಟಕ ಹಳ್ಳೀಲಿ ಇರ್ಲಿಲ್ವಾ?

ಇತ್ತು. 'ನೋ' ಅಂದರೆ ಮುಖವಾಡ ಹಾಕಿ ಆಡುವ, ಕಬುಕಿಗಿಂತ ಹಳೆಯ ನಾಟಕ. ಯಾಮಗಾತಾ ಪ್ರಾಂತ್ಯದ ಕುರೋಕಾವಾದಲ್ಲಿ ರೈತರೇ 500 ವರ್ಷಗಳಿಂದ 'ನೋ' ಆಡುತ್ತಿದ್ದಾರೆ ಎಂಬುದು ಊರಿನ ನಂಬಿಕೆ. ಫೆಬ್ರವರಿ 1ರಂದು ಹಿಮದ ನಡುವೆ ಮನೆಯೊಳಗೆ ರಾತ್ರಿಯಿಡೀ ಆಟ. ಶುರು ಮಾಡುವುದು ಐದಾರು ವರ್ಷದ ಮಗು, ಭೂಮಿ ತುಳಿಯುವ ಕುಣಿತ. ಕೆಂಡದಲ್ಲಿ ಸುಟ್ಟ ತೋಫು ಊಟ. ಸಾದೋ ದ್ವೀಪದಲ್ಲೂ ಹಾಗೇ, ಒಂದು ಕಾಲಕ್ಕೆ 200ರಷ್ಟು ರಂಗಗಳಿದ್ದವು ಎನ್ನುತ್ತಾರೆ. ಯುದ್ಧದ ಕಾಲದಲ್ಲಿ 'ನೋ'ಗೆ ತೊಂದರೆ ಬೇರೆ ಥರದ್ದು: ಅರಮನೆಯ ದುಃಖ ತೋರಿಸುವ 'ಸೆಮಿಮಾರು', 'ಓಹರಾ ಗೊಕೋ' ಮೊದಲಾದವು ಚಕ್ರವರ್ತಿಗೆ ಅಗೌರವ ಎಂದು ಮೂಲೆಗೆ ಸರಿದವು. ಕುರುಡು ರಾಜಕುಮಾರನನ್ನು ಅಪ್ಪ ಕಾಡಿಗೆ ಬಿಟ್ಟ ಕಥೆ ಆಗ ಯಾರಿಗೆ ಬೇಕು?

ಹುಡುಗೀರು ಎಲ್ಲಿದ್ರು ಇದರಲ್ಲೆಲ್ಲ?

ಅನ್ನದ ಬುತ್ತಿ ಕಟ್ಟುತ್ತಾ, ವೇಷ ಹೊಲಿಯುತ್ತಾ. ಮತ್ತು ಯುದ್ಧದ ಕೊನೆಗೆ ಕಾರ್ಖಾನೆಯಲ್ಲಿ. ಐಚಿ ಪ್ರಾಂತ್ಯದ ತೊಯೊಕಾವಾದ ನೌಕಾಪಡೆ ಶಸ್ತ್ರಾಗಾರದ ಮೇಲೆ 1945ರ ಆಗಸ್ಟ್ 7ರಂದು ಬಾಂಬ್ ಬಿದ್ದು 2,500ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚಿದ್ದ ಹುಡುಗ ಹುಡುಗಿಯರು ಎಷ್ಟೋ. ಅದೇ ತೊಯೊಕಾವಾದಲ್ಲಿ ಕೆಲವೇ ವರ್ಷಕ್ಕೆ ಹುಡುಗಿಯರೇ ಆಡುವ ಕಬುಕಿ ತಂಡ ಹುಟ್ಟಿತು. 'ಇಚಿಕಾವಾ ಶೋಜೋ ಕಬುಕಿ' ಎಂಬ ಹೆಸರಲ್ಲಿ 1950ರ ದಶಕದಲ್ಲಿ ಟೋಕಿಯೋವರೆಗೂ ಹೋಗಿ ಹೆಸರು ಮಾಡಿತು. ಯೋಧರ ವೇಷವೂ ಹುಡುಗಿಯರದ್ದೇ.

ಯುದ್ಧ ಮುಗಿದ್ಮೇಲೆ ಅಮೆರಿಕದವರು ಕಬುಕಿ ನಿಷೇಧಿಸಿದ್ರಂತೆ, ನಿಜಾನಾ?

ಭಾಗಶಃ. 1945ರ ನವೆಂಬರ್‌ನಲ್ಲಿ ಟೋಕಿಯೋದಲ್ಲಿ ನಡೆಯುತ್ತಿದ್ದ 'ತೆರಕೊಯಾ'ವನ್ನು ಅರ್ಧಕ್ಕೇ ನಿಲ್ಲಿಸಿದರು. ಕಾರಣ? ಸ್ವಾಮಿನಿಷ್ಠೆ, ಸೇಡು, ಪಾಳೇಗಾರಿಕೆ. ಹಳೆಯ ಸರ್ಕಾರ ಮೆಚ್ಚಿದ ಕಾರಣಕ್ಕೇ ಹೊಸ ಆಡಳಿತ ಹೆದರಿತು. ಎರಡೂ ಕಡೆಯವರು ತಾಯಿಯ ಅಳುವನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ ನೋಡಿ. ಸೋತ ಜಪಾನಿನ ಆಡಳಿತ ನೋಡುತ್ತಿದ್ದ ಅಮೆರಿಕನ್ ಜನರಲ್ ಮ್ಯಾಕ್ಆರ್ಥರ್ ಅವರ ಕಚೇರಿಯಲ್ಲಿದ್ದ ಫೌಬಿಯನ್ ಬಾವರ್ಸ್ ಎಂಬ ಕಬುಕಿ ಹುಚ್ಚಿನ ಅಮೆರಿಕನ್ ನಿಷೇಧ ಸಡಿಲಿಸಲು ಓಡಾಡಿದರು. 1947ರ ನವೆಂಬರ್‌ಗೆ ನಲವತ್ತೇಳು ಯೋಧರ ಸೇಡಿನ ಕಥೆ 'ಚೂಶಿನ್‌ಗುರಾ' ಕೂಡ ರಂಗಕ್ಕೆ ಬಂತು.

ಹಳ್ಳಿಗಳಲ್ಲಿ ಆದದ್ದು ತಿರುಗಾಮುರುಗಾ. ಸೈನ್ಯದಿಂದ ಮರಳಿದ ಹುಡುಗರು ಆಟಕ್ಕೆ ಮುಗಿಬಿದ್ದರು. ಊರೂರಲ್ಲೂ ಹವ್ಯಾಸಿ ನಾಟಕ, ಜೂಜುಕೋರ ರೌಡಿಗಳ ವೇಷದ ಕುಣಿತ, ಹಾಡು. ಅದರಲ್ಲಿ ಕಬುಕಿ ಒಂದು ಪಾಲು ಮಾತ್ರ. ಹಿರಿಯರು ಮೂಗು ಮುರಿದರು. ಎಂಟು ವರ್ಷ ಕವಾಯತು ಮಾಡಿದವರು ಕುಣಿಯಲಿ ಬಿಡಿ, ಅಲ್ವಾ?

ಹಾಗಾದ್ರೆ ಯುದ್ಧವೇ ಹಳ್ಳಿ ಕಬುಕಿಯನ್ನ ಮುಗಿಸಿದ್ದಾ?

ಅಲ್ಲ. ಯುದ್ಧ ಅರ್ಧ ಕೊಂದಿತು. ಉಳಿದರ್ಧ ಮುಗಿಸಿದ್ದು ಶಾಂತಿ. 1950ರ ದಶಕದಿಂದ ಮಿಡ್ಲ್ ಸ್ಕೂಲ್ ಮುಗಿಸಿದ ಹುಡುಗ ಹುಡುಗಿಯರನ್ನು ರೈಲು ತುಂಬಿಸಿ ಪಟ್ಟಣದ ಕಾರ್ಖಾನೆಗೆ ಕಳಿಸುತ್ತಿದ್ದರು, ಅವರಿಗೆ 'ಚಿನ್ನದ ಮೊಟ್ಟೆ' ಎಂದು ಹೆಸರು ಬೇರೆ. ಕೆಂಪು ಚೀಟಿ ಬಂದು ಹೋದವರಲ್ಲಿ ಕೆಲವರಾದರೂ ತಿರುಗಿ ಬಂದರು, ಇವರು ಹಬ್ಬಕ್ಕೆ ಬಂದರೆ ಹೆಚ್ಚು. ಟಿವಿ ಮನೆಮನೆಗೆ ಬಂತು. ಶೋದೊಶಿಮಾದಲ್ಲಿ ಈಗ ಆಟ ಉಳಿದಿರುವುದು ಹಿತೊಯಾಮಾ ಮತ್ತು ನಾಕಾಯಾಮಾ, ಎರಡೇ ಊರಲ್ಲಿ.

ಈಗ ಹೋದ್ರೆ ನೋಡಬಹುದಾ?

ಧಾರಾಳವಾಗಿ. ಓಶಿಕಾದಲ್ಲಿ ಮೇ 3ಕ್ಕೆ ಒಂದು, ಅಕ್ಟೋಬರ್ ಮೂರನೇ ಭಾನುವಾರ ಇನ್ನೊಂದು. ಅಲ್ಲಿಯ ಮಿಡ್ಲ್ ಸ್ಕೂಲಿನಲ್ಲಿ ಮಕ್ಕಳಿಗೂ ಕಲಿಸುತ್ತಾರೆ. 2017ರಲ್ಲಿ ಅದಕ್ಕೆ ರಾಷ್ಟ್ರೀಯ ಮಾನ್ಯತೆಯೂ ಸಿಕ್ಕಿತು. ಶೋದೊಶಿಮಾದ ಹಿತೊಯಾಮಾದಲ್ಲೂ ಮೇ 3ಕ್ಕೇ, ನಾಕಾಯಾಮಾದಲ್ಲಿ ಅಕ್ಟೋಬರ್. ಹಿನೊಎಮಾತಾದಲ್ಲಿ ಮೇ 12 ಮತ್ತು ಆಗಸ್ಟ್ 18. ಹೊರಡುವ ಮೊದಲು ಆ ವರ್ಷದ ದಿನ ಒಮ್ಮೆ ವಿಚಾರಿಸಿಕೊಳ್ಳಿ. ಬೇಗ ಹೋಗಿ ಚಾಪೆ ಹಾಸಿ ಜಾಗ ಹಿಡಿಯಿರಿ, ಬುತ್ತಿ ಕಟ್ಟಿಕೊಂಡು ಹೋಗಿ. ಹತ್ತು, ನೂರು ಯೆನ್ನಿನ ನಾಣ್ಯಗಳನ್ನು ಮೊದಲೇ ತೆಳು ಕಾಗದದಲ್ಲಿ ಸುತ್ತಿ ಇಟ್ಟುಕೊಳ್ಳಿ. ಯಾವಾಗ ಎಸೆಯಬೇಕೆಂದು ಗೊತ್ತಾಗದಿದ್ದರೆ ಪಕ್ಕದಲ್ಲಿ ಕೂತ ಅಜ್ಜಿಯನ್ನು ನೋಡಿ, ಅವರು ಕೈ ಎತ್ತಿದಾಗ ನೀವೂ ಎಸೆಯಿರಿ.